ದೇವಾಲಯದ ಮೆಟ್ಟಿಲೂ ಕಾನೂನಿನ ವಿನಾಯಿತಿಯೂ: ಅಮೆರಿಕದ ಅಂಗವಿಕಲರ ಹಕ್ಕುಹೋರಾಟದಲ್ಲಿ ಕ್ರೈಸ್ತ ಸಭೆ

1. ಪೀಠಿಕೆ

ಅಪೊಸ್ತಲರ ಕೃತ್ಯಗಳ ಮೂರನೆಯ ಅಧ್ಯಾಯದಲ್ಲಿ ಹುಟ್ಟಿದಂದಿನಿಂದ ನಡೆಯಲಾರದಿದ್ದ ಒಬ್ಬ ಮನುಷ್ಯನ ವೃತ್ತಾಂತವಿದೆ. ಅವನನ್ನು ಪ್ರತಿದಿನವೂ ಹೊತ್ತು ತಂದು ದೇವಾಲಯದ ಸುಂದರ ಬಾಗಿಲಿನ ಬಳಿ ಕುಳ್ಳಿರಿಸುತ್ತಿದ್ದರು. ಪ್ರಾರ್ಥನೆಗೆ ಬಂದವರು ಭಿಕ್ಷೆ ಹಾಕಿ ಒಳಕ್ಕೆ ಹೋಗುತ್ತಿದ್ದರು. ಈ ವಾಕ್ಯಭಾಗವನ್ನು ಕುರಿತು ಪ್ರಸಂಗ ಮಾಡುವಾಗ ನಾವು ಸ್ವಸ್ಥತೆಯ ಅದ್ಭುತವನ್ನೇ ಎತ್ತಿ ಹೇಳುತ್ತೇವೆ. ಆದರೆ ಲೂಕನು ಅಷ್ಟಕ್ಕೆ ನಿಲ್ಲಿಸುವುದಿಲ್ಲ. ಆ ಮನುಷ್ಯನು ಪೇತ್ರ ಯೋಹಾನರ ಜೊತೆಯಲ್ಲಿ ದೇವಾಲಯದೊಳಕ್ಕೆ ಹೋದನೆಂಬುದನ್ನೂ ತಪ್ಪದೆ ದಾಖಲಿಸುತ್ತಾನೆ. ಅವನನ್ನು ಹೊತ್ತು ತರುವವರು ಹಿಂದೆಯೂ ಇದ್ದರು, ಭಿಕ್ಷೆ ಕೊಡುವವರೂ ಇದ್ದರು. ನಲವತ್ತಕ್ಕೂ ಹೆಚ್ಚು ವರ್ಷ ವಯಸ್ಸಾದ ಅವನು ಆ ದಿನದವರೆಗೆ ಬಾಗಿಲಿನಲ್ಲಿಯೇ ಉಳಿದಿದ್ದನು.

ಭಿಕ್ಷೆ ಕೊಡುವುದಕ್ಕೂ ಒಳಗೆ ಸೇರಿಸಿಕೊಳ್ಳುವುದಕ್ಕೂ ಇರುವ ಈ ಅಂತರವು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಸಭೆಗಳ ಮುಂದೆ ಶಾಸನದ ರೂಪದಲ್ಲಿ ಬಂದು ನಿಂತಿತು. ಅಂಗವಿಕಲರಿಗೆ ಎಲ್ಲ ಸಾಮಾನ್ಯ ಸೇವೆಗಳೂ ತೆರೆದಿರಬೇಕೆಂಬ ಕಾನೂನು ರೂಪುಗೊಳ್ಳುವಾಗ, ಆ ಕಾನೂನು ದೇವಾಲಯಕ್ಕೂ ಅನ್ವಯಿಸಬೇಕೆ ಎಂಬ ಪ್ರಶ್ನೆ ಅಲ್ಲಿ ಬಹಿರಂಗವಾಗಿ ಚರ್ಚೆಯಾಯಿತು. ಶಾಸನಸಭೆಯೂ ಮುಂದೆ ಸರ್ವೋಚ್ಚ ನ್ಯಾಯಾಲಯವೂ ಅದಕ್ಕೆ ಉತ್ತರ ಕೊಟ್ಟವು. 1973ರಿಂದ 2012ರವರೆಗಿನ ಆ ಇತಿಹಾಸವನ್ನು ನಾವು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ. ಭಾರತದ ಕಾನೂನು ಅದೇ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟಿರುವುದರಿಂದ, ಆ ಇತಿಹಾಸದ ಬೆಳಕಿನಲ್ಲಿ ನಮ್ಮ ಸಭೆಗಳ ಸ್ಥಿತಿಯನ್ನು ನೋಡಿಕೊಳ್ಳುವುದು ನಮ್ಮ ಉದ್ದೇಶ.

ಪದಬಳಕೆಯ ಬಗ್ಗೆ ಒಂದು ಮಾತು. ಕರ್ನಾಟಕದ ಸರ್ಕಾರಿ ಬಳಕೆಯಲ್ಲಿ ‘ವಿಕಲಚೇತನ’ ಎಂಬ ಪದ ರೂಢಿಯಲ್ಲಿದೆ. ಆದರೆ ಅಕ್ಷರಾರ್ಥದಲ್ಲಿ ಅದು ವೈಕಲ್ಯವನ್ನು ಅಂಗಕ್ಕಲ್ಲದೆ ಚೇತನಕ್ಕೇ ಅಂಟಿಸುತ್ತದೆ. ದೇವರ ಸ್ವರೂಪದಲ್ಲಿ ಸೃಷ್ಟಿಯಾದ ಮನುಷ್ಯನ ಚೇತನವನ್ನು ಹಾಗೆ ಕರೆಯಲು ನಮಗೆ ಮನಸ್ಸಾಗದ ಕಾರಣ ‘ಅಂಗವಿಕಲರು’ ಎಂಬ ಪದವನ್ನೇ ಇಟ್ಟುಕೊಂಡಿದ್ದೇವೆ.

2. ದಾನದಿಂದ ಹಕ್ಕಿಗೆ

ಸಭೆಯು ಅಂಗವಿಕಲರನ್ನು ಕಡೆಗಣಿಸಿತೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಇತಿಹಾಸಕ್ಕೆ ಅನ್ಯಾಯವಾಗುತ್ತದೆ. ಭಾರತದಲ್ಲಿ ಅಂಧರಿಗಾಗಿ ಮೊದಲ ಶಾಲೆ ಆರಂಭವಾದದ್ದು 1887ರಲ್ಲಿ, ಅಮೃತಸರದಲ್ಲಿ, ಆನ್ನಿ ಶಾರ್ಪ್ ಎಂಬ ಮಿಷನರಿ ಮಹಿಳೆಯಿಂದ. ಅದೇ ಶತಮಾನದ ಕೊನೆಯ ದಶಕದಲ್ಲಿ ಪಾಳಯಂಕೋಟೆಯಲ್ಲಿ ಫ್ಲಾರೆನ್ಸ್ ಸ್ವೇನ್‌ಸನ್ ಕಿವುಡ ಮಕ್ಕಳ ಶಾಲೆಯನ್ನು ಕಟ್ಟಿದರು. ಯೂರೋಪ್ ಅಮೆರಿಕಗಳಲ್ಲಿಯೂ ಇಂಥ ಆಶ್ರಮಗಳೂ ಶಾಲೆಗಳೂ ಕ್ರೈಸ್ತರ ಕೈಯಿಂದ ನೂರಾರು ಎದ್ದವು. ಬೇರೆ ಯಾರೂ ಓದಿಸದಿದ್ದವರನ್ನು ಅವು ಓದಿಸಿದವು. ಆ ಉಪಕಾರವನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ.

ಆದರೆ ಇವೆಲ್ಲವೂ ಪ್ರತ್ಯೇಕ ಸಂಸ್ಥೆಗಳಾಗಿದ್ದವು. ಊರಿನ ಸಾಮಾನ್ಯ ಶಾಲೆ, ಸಾಮಾನ್ಯ ಬಸ್ಸು, ಸಾಮಾನ್ಯ ಕಚೇರಿ ಮೊದಲಿನಂತೆಯೇ ಮುಚ್ಚಿದ್ದವು. ಸಾಮಾನ್ಯ ದೇವಾಲಯದ ಸ್ಥಿತಿಯೂ ಅದೇ. ಅಂಗವಿಕಲರಿಗಾಗಿ ಬೇರೊಂದು ಕಡೆ ಒಳ್ಳೆಯ ವ್ಯವಸ್ಥೆ ಇದೆ ಎಂಬ ಸಮಾಧಾನವೇ ಈ ಬಾಗಿಲುಗಳನ್ನು ಹಾಗೆಯೇ ಉಳಿಸಿತು.

1964ರಲ್ಲಿ ಅಮೆರಿಕದ ಕಾಂಗ್ರೆಸ್ಸು ನಾಗರಿಕ ಹಕ್ಕುಗಳ ಅಧಿನಿಯಮವನ್ನು ಅಂಗೀಕರಿಸಿ, ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಕಾರ್ಯಕ್ರಮದಲ್ಲಿಯೂ ಜನಾಂಗದ ಆಧಾರದ ಮೇಲೆ ಭೇದ ಮಾಡಬಾರದೆಂದು ವಿಧಿಸಿತು. ಒಂಬತ್ತು ವರ್ಷಗಳ ಬಳಿಕ, 1973ರ ಪುನರ್ವಸತಿ ಅಧಿನಿಯಮದ ಕೊನೆಯಲ್ಲಿ 504ನೆಯ ಪ್ರಕರಣವಾಗಿ ಅದೇ ಮಾದರಿಯ ಒಂದು ವಾಕ್ಯ ಸೇರಿತು: ಸರ್ಕಾರದ ಹಣ ಪಡೆಯುವ ಕಾರ್ಯಕ್ರಮದಿಂದ ಅರ್ಹನಾದ ಯಾವ ಅಂಗವಿಕಲನನ್ನೂ ಅಂಗವೈಕಲ್ಯದ ಕಾರಣಕ್ಕಾಗಿ ಹೊರಗಿಡಬಾರದು ಎಂಬುದು ಅದರ ಸಾರ. ಅಂಗವಿಕಲನು ಕರುಣೆಗೆ ಪಾತ್ರನಾದ ರೋಗಿ ಎಂದಲ್ಲದೆ, ಹಕ್ಕಿನಿಂದ ವಂಚಿತನಾದ ಪ್ರಜೆ ಎಂದು ಆ ದೇಶದ ಶಾಸನವು ಗುರುತಿಸಿದ್ದು ಇಲ್ಲಿಯೇ. ಆದರೆ ಕಾನೂನು ಜಾರಿಯಾಗಲು ಬೇಕಾದ ನಿಯಮಾವಳಿಗೆ ನಾಲ್ಕು ವರ್ಷ ಕಳೆದರೂ ಯಾರೂ ಸಹಿ ಹಾಕಲಿಲ್ಲ.

3. 1977ರ ಶ್ರಮೆಯ ವಾರ

1977ರಲ್ಲಿ ಅಧಿಕಾರಕ್ಕೆ ಬಂದ ಜಿಮ್ಮಿ ಕಾರ್ಟರ್ ಸರ್ಕಾರವು ಸಿದ್ಧವಾಗಿದ್ದ ನಿಯಮಾವಳಿಯನ್ನು ಪುನಃ ಪರಿಶೀಲಿಸಲು ತೊಡಗಿತು. ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಯ ಕಾರ್ಯದರ್ಶಿಯಾಗಿದ್ದವರು ಜೋಸೆಫ್ ಕ್ಯಾಲಿಫಾನೊ. ಪ್ರತಿಯೊಂದು ಸಂಸ್ಥೆಯೂ ಎಲ್ಲರಿಗೂ ತೆರೆದಿರಬೇಕಾಗಿಲ್ಲ, ಕೆಲವು ಸಂಸ್ಥೆಗಳಲ್ಲಿ ಅನುಕೂಲವಿದ್ದರೆ ಸಾಕು ಎಂಬ ಬಗೆಯ ತಿದ್ದುಪಡಿಗಳು ಆ ಪರಿಶೀಲನೆಯಲ್ಲಿದ್ದವು. ಕಪ್ಪು ಜನರಿಗೆ ‘ಪ್ರತ್ಯೇಕ, ಆದರೆ ಸಮಾನ’ ಎಂದು ಹಿಂದೆ ಹೇಳಿದ್ದ ಮಾತೇ ಈಗ ತಮಗೂ ಬಂದಿದೆಯೆಂದು ಅಂಗವಿಕಲರು ಕಂಡುಕೊಂಡರು.

ಏಪ್ರಿಲ್ 5ರಂದು ಹಲವು ನಗರಗಳಲ್ಲಿ ಇಲಾಖೆಯ ಕಚೇರಿಗಳ ಮುಂದೆ ಪ್ರತಿಭಟನೆ ನಡೆಯಿತು. ಬೇರೆ ಕಡೆಗಳಲ್ಲಿ ಅದು ಬೇಗನೆ ಮುಗಿಯಿತು. ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಮಾತ್ರ ನೂರಕ್ಕೂ ಹೆಚ್ಚು ಜನರು ಕಚೇರಿಯ ಒಳಗೆ ಹೋಗಿ ಧರಣಿ ಕುಳಿತರು. ಏಪ್ರಿಲ್ 30ರವರೆಗೆ ಅಲ್ಲಿಂದ ಹೊರಡಲಿಲ್ಲ. ಗಾಲಿಕುರ್ಚಿಯಲ್ಲಿದ್ದವರು, ಅಂಧರು, ಕಿವುಡರು, ಬುದ್ಧಿಮಾಂದ್ಯದ ಹೆಸರಿನಲ್ಲಿ ಸಂಸ್ಥೆಗಳಲ್ಲಿ ಬೆಳೆದವರು ಅವರಲ್ಲಿದ್ದರು. ಮುಂದಾಳುಗಳಲ್ಲಿ ಒಬ್ಬರಾದ ಜೂಡಿತ್ ಹ್ಯೂಮನ್ ಅವರು ಎಳೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿ ಗಾಲಿಕುರ್ಚಿಯನ್ನು ಆಶ್ರಯಿಸಿದವರು. ಬೆಂಕಿ ಬಿದ್ದಾಗ ತೊಂದರೆಯಾದೀತೆಂಬ ಕಾರಣಕ್ಕೆ ಬಾಲ್ಯದಲ್ಲಿ ಊರಿನ ಶಾಲೆ ಅವರನ್ನು ಸೇರಿಸಿಕೊಂಡಿರಲಿಲ್ಲ. ಧರಣಿಯ ಕಾಲದಲ್ಲಿ ಟೆಲಿಫೋನ್ ಸಂಪರ್ಕ ಕಡಿದುಹೋದಾಗ ಕಿವುಡರು ಕಿಟಕಿಯ ಬಳಿ ನಿಂತು ಸಂಜ್ಞಾಭಾಷೆಯಲ್ಲಿ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು. ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ದಿನವೂ ಬಿಸಿಯೂಟ ತಂದುಕೊಟ್ಟರು.

ಆ ವರ್ಷ ಪುನರುತ್ಥಾನದ ಹಬ್ಬವು ಏಪ್ರಿಲ್ 10ರಂದು ಬಂದಿತ್ತು. ಹಾಗಾಗಿ ಧರಣಿ ಆರಂಭವಾದದ್ದು ಶ್ರಮೆಯ ವಾರದ ಮಂಗಳವಾರ. ಶುಭ ಶುಕ್ರವಾರವನ್ನೂ ಪುನರುತ್ಥಾನದ ಭಾನುವಾರವನ್ನೂ ಅವರು ಆ ಸರ್ಕಾರಿ ಕಟ್ಟಡದಲ್ಲಿಯೇ ಕಳೆದರು. ನಗರದ ಗ್ಲೈಡ್ ಮೆಮೋರಿಯಲ್ ಮೆಥೊಡಿಸ್ಟ್ ಸಭೆಯ ಪಾಲಕರಾಗಿದ್ದ ಸೆಸಿಲ್ ವಿಲಿಯಮ್ಸ್ ಅವರು ಬಹಿರಂಗವಾಗಿ ಅವರ ಪಕ್ಷ ವಹಿಸಿದರು. ಧರಣಿನಿರತರ ಪ್ರತಿನಿಧಿಗಳು ವಾಷಿಂಗ್ಟನ್‌ಗೆ ಹೋದಾಗ ಒಂದು ಲೂಥರನ್ ದೇವಾಲಯದ ನೆಲದ ಮೇಲೆ ಮಲಗಿದರು. ಅವರು ಕ್ಯಾಲಿಫಾನೊ ಅವರ ಮನೆಯ ಮುಂದೆ ಮೇಣದಬತ್ತಿ ಹಿಡಿದು ಪ್ರಾರ್ಥಿಸಿದರು, ಹಾಡಿದರು. ಏಪ್ರಿಲ್ 28ರಂದು ನಿಯಮಾವಳಿಗೆ, ಅದರಲ್ಲಿ ಯಾವುದನ್ನೂ ಸಡಿಲಿಸದೆ, ಸಹಿ ಬಿತ್ತು.

ಸಭೆಯು ಈ ಹಂತದಲ್ಲಿ ಆಶ್ರಯ ಕೊಟ್ಟಿತು ಎಂಬುದನ್ನು ನಾವು ಗುರುತಿಸಬೇಕು. ಕ್ರೈಸ್ತರು ನಡೆಸುತ್ತಿದ್ದ ಅನೇಕ ಆಸ್ಪತ್ರೆಗಳೂ ಕಾಲೇಜುಗಳೂ ಸರ್ಕಾರದ ಹಣ ಪಡೆಯುತ್ತಿದ್ದುದರಿಂದ 504ನೆಯ ಪ್ರಕರಣಕ್ಕೆ ಒಳಪಟ್ಟವು. ಆರಾಧನೆಯ ಸ್ಥಳಗಳ ಪ್ರಶ್ನೆ ಇನ್ನೂ ಎದ್ದಿರಲಿಲ್ಲ. ಆಶ್ರಯ ಕೊಟ್ಟಾಗ ಸಭೆ ತನ್ನ ನೆಲವನ್ನು ಎರವಲಾಗಿ ಕೊಟ್ಟಿತ್ತು. ಆ ನೆಲವನ್ನೇ ತಿದ್ದಿ ಕಟ್ಟಬೇಕಾದ ದಿನ ಮುಂದೆ ಬರಲಿತ್ತು.

4. ಡೆನ್ವರಿನ ಬಸ್ಸುಗಳೂ ಒಬ್ಬ ಸಭಾಪಾಲಕರೂ

ಈ ಇತಿಹಾಸದಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳು ತಿಳಿದಿರಬೇಕಾದ ಒಂದು ಹೆಸರು ವೇಡ್ ಬ್ಲ್ಯಾಂಕ್ (1940–1993). ಪ್ರೆಸ್ಬಿಟೇರಿಯನ್ ಸಭೆಯ ದೀಕ್ಷೆ ಪಡೆದ ಇವರು 1970ರ ದಶಕದ ಮೊದಲ ಭಾಗದಲ್ಲಿ ಡೆನ್ವರ್ ನಗರದ ಒಂದು ಶುಶ್ರೂಷಾಗೃಹದಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ವೃದ್ಧರ ನಡುವೆ ಅಂಗವಿಕಲ ಯುವಕ ಯುವತಿಯರನ್ನೂ ಇಡಲಾಗಿತ್ತು. ಅವರಿಗೆ ಕಾಯಿಲೆ ಇರಲಿಲ್ಲ. ಬೇರೆ ಮನೆ ಇಲ್ಲವೆಂಬುದೊಂದೇ ಕಾರಣ. ಬ್ಲ್ಯಾಂಕ್ ಮೊದಲು ಆ ಗೃಹದ ಒಳಗಿನ ವ್ಯವಸ್ಥೆಯನ್ನು ಸುಧಾರಿಸಲು ಯತ್ನಿಸಿದರು. ಆ ಯತ್ನಕ್ಕಾಗಿ ಕೆಲಸ ಕಳೆದುಕೊಂಡ ಮೇಲೆ, 1975ರಲ್ಲಿ, ಅಲ್ಲಿದ್ದ ಯುವಜನರು ಹೊರಗೆ ಬಂದು ಸಾಮಾನ್ಯ ವಸತಿಗಳಲ್ಲಿ ಬದುಕಲು ನೆರವಾಗುವ ‘ಅಟ್ಲಾಂಟಿಸ್’ ಎಂಬ ಸಮುದಾಯವನ್ನು ಕಟ್ಟಿದರು.

ಹೊರಗೆ ಬಂದವರಿಗೆ ಮನೆ ಸಿಕ್ಕಿತು, ಆದರೆ ಊರಿನಲ್ಲಿ ಓಡಾಡಲು ಬಸ್ಸು ಸಿಗಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾರದವರಿಗೆ ಕೆಲಸವೂ ಸಿನಿಮಾವೂ ಆರಾಧನೆಯೂ ದೂರವೇ. 1978ರ ಜುಲೈ 5ರಂದು ಹತ್ತೊಂಬತ್ತು ಮಂದಿ ಅಂಗವಿಕಲರು ನಗರದ ನಡುವಿನ ಒಂದು ಕೂಡುರಸ್ತೆಯಲ್ಲಿ ಬಸ್ಸುಗಳನ್ನು ಅಡ್ಡಗಟ್ಟಿ ರಾತ್ರಿಯೆಲ್ಲ ಅಲ್ಲಿಯೇ ಉಳಿದರು. ಇದರಿಂದ ಹುಟ್ಟಿದ ಚಳವಳಿ 1983ರಲ್ಲಿ ‘ಅಡಾಪ್ಟ್’ ಎಂಬ ರಾಷ್ಟ್ರೀಯ ಸಂಘಟನೆಯಾಯಿತು.

ಅಲ್ಲಿ ನಡೆದ ವಾದದ ತಿರುಳನ್ನು ನಾವು ಗಮನಿಸಬೇಕು. ಸಾರಿಗೆ ಸಂಸ್ಥೆಗಳು ಅಂಗವಿಕಲರಿಗೆ ಪ್ರತ್ಯೇಕ ವ್ಯಾನುಗಳನ್ನು ಒದಗಿಸಲು ಸಿದ್ಧವಾಗಿದ್ದವು. ಮೊದಲೇ ಹೇಳಿಟ್ಟರೆ ವ್ಯಾನು ಮನೆಬಾಗಿಲಿಗೆ ಬರುತ್ತಿತ್ತು. ಅದು ದಯೆಯ ಏರ್ಪಾಡೇ ಹೌದು. ಚಳವಳಿಗಾರರು ಕೇಳಿದ್ದು ಊರಿನ ಎಲ್ಲರೂ ಹತ್ತುವ ಬಸ್ಸಿಗೇ ಲಿಫ್ಟ್ ಅಳವಡಿಸಬೇಕೆಂದು. ತಮಗೆ ಬೇಕಾದ ಹೊತ್ತಿನಲ್ಲಿ, ಯಾರ ಅನುಮತಿಯೂ ಇಲ್ಲದೆ, ನೆರೆಹೊರೆಯವರ ಜೊತೆಯಲ್ಲಿ ಕುಳಿತು ಹೋಗುವುದೇ ಅವರ ಬೇಡಿಕೆಯಾಗಿತ್ತು. ಒಬ್ಬ ಸಭಾಪಾಲಕರು ತಮ್ಮ ಪಾಲಕತ್ವವನ್ನು ಬಸ್ ನಿಲ್ದಾಣದಲ್ಲಿ ನಡೆಸಿದ ಈ ಪ್ರಸಂಗಕ್ಕೆ ಸಭಾಚರಿತ್ರೆಯ ಪಾಠಗಳಲ್ಲಿ ಸಿಗಬೇಕಾದಷ್ಟು ಸ್ಥಾನ ಸಿಕ್ಕಿಲ್ಲ.

5. 1990ರ ಅಧಿನಿಯಮ ಮತ್ತು ವಿನಾಯಿತಿ

504ನೆಯ ಪ್ರಕರಣವು ಸರ್ಕಾರದ ಹಣಕ್ಕೆ ಮಾತ್ರ ಸಂಬಂಧಪಟ್ಟಿತ್ತು. ಖಾಸಗಿ ಅಂಗಡಿ, ಹೋಟೆಲು, ಚಿತ್ರಮಂದಿರ, ಉದ್ಯೋಗದಾತರು ಅದರ ಹೊರಗಿದ್ದರು. ಇವರೆಲ್ಲರನ್ನೂ ಒಳಗೊಳ್ಳುವ ‘ಅಂಗವೈಕಲ್ಯವುಳ್ಳ ಅಮೆರಿಕನ್ನರ ಅಧಿನಿಯಮ’ದ ಮಸೂದೆ 1980ರ ದಶಕದ ಕೊನೆಯಲ್ಲಿ ಕಾಂಗ್ರೆಸ್ಸಿನ ಮುಂದೆ ಬಂತು. ಮಸೂದೆ ವಿಳಂಬವಾದಾಗ, 1990ರ ಮಾರ್ಚ್ 12ರಂದು, ಅಡಾಪ್ಟ್‌ನ ಸದಸ್ಯರು ಗಾಲಿಕುರ್ಚಿಗಳನ್ನೂ ಊರುಗೋಲುಗಳನ್ನೂ ಬಿಟ್ಟು ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳುತ್ತ ಏರಿದರು.

ಈ ಮಸೂದೆಯ ಚರ್ಚೆಯಲ್ಲಿಯೇ ಸಭೆಗಳ ಆಕ್ಷೇಪ ಕೇಳಿಬಂತು. ಕ್ರೈಸ್ತ ಶಾಲೆಗಳ ಒಂದು ದೊಡ್ಡ ಒಕ್ಕೂಟವು ಧಾರ್ಮಿಕ ಸಂಸ್ಥೆಗಳನ್ನು ಸಾರ್ವಜನಿಕ ಸ್ಥಳಗಳೆಂದು ಪರಿಗಣಿಸಬಾರದೆಂದು ವಾದಿಸಿತು. ಕಟ್ಟಡಗಳನ್ನು ತಿದ್ದುವ ವೆಚ್ಚ ಅದರ ಮುಖ್ಯ ಕಾರಣವಾಗಿತ್ತು. ಸುವಾರ್ತಿಕ ಸಭೆಗಳ ರಾಷ್ಟ್ರೀಯ ಒಕ್ಕೂಟವು ಉದ್ಯೋಗದ ವಿಧಿಗಳನ್ನು ವಿರೋಧಿಸಿತು. ಸಭೆಯ ಒಳಗಿನ ನೇಮಕಾತಿಯಲ್ಲಿ ಸರ್ಕಾರ ಕೈಹಾಕುವುದು ಧಾರ್ಮಿಕ ಸ್ವಾತಂತ್ರ್ಯಕ್ಕೆ ಧಕ್ಕೆಯೆಂಬುದು ಅದರ ನಿಲುವು. ಎಲ್ಲ ಸಭೆಗಳೂ ಹೀಗೆ ಮಾಡಲಿಲ್ಲ. ಅಧಿನಿಯಮಕ್ಕಾಗಿ ದುಡಿದ ಕ್ರೈಸ್ತರು ಬಹಳ ಮಂದಿ ಇದ್ದರು. ಆದರೂ ಕೊನೆಗೆ ಕಾನೂನಿನಲ್ಲಿ ಉಳಿದದ್ದು ವಿನಾಯಿತಿ. ಸಾರ್ವಜನಿಕ ಸ್ಥಳಗಳನ್ನು ಕುರಿತ ಅದರ ಮೂರನೆಯ ಭಾಗವು ಧಾರ್ಮಿಕ ಸಂಸ್ಥೆಗಳಿಗೂ ಅವುಗಳ ನಿಯಂತ್ರಣದಲ್ಲಿರುವ ಘಟಕಗಳಿಗೂ ಆರಾಧನಾಸ್ಥಳಗಳಿಗೂ ಅನ್ವಯಿಸದೆಂದು 307ನೆಯ ಪ್ರಕರಣ ಹೇಳುತ್ತದೆ. ಅದೇ ಪ್ರಕರಣದಲ್ಲಿ ವಿನಾಯಿತಿ ಪಡೆದ ಇನ್ನೊಂದು ವರ್ಗವೆಂದರೆ ಖಾಸಗಿ ಕ್ಲಬ್ಬುಗಳು. ಕರ್ತನ ಮೇಜಿಗೆ ಎಲ್ಲರನ್ನೂ ಕರೆಯುವ ಸಭೆಯು ಕಾನೂನಿನ ಪುಟದಲ್ಲಿ ಸದಸ್ಯರಿಗೆ ಮಾತ್ರ ಬಾಗಿಲು ತೆರೆಯುವ ಕ್ಲಬ್ಬಿನ ಪಕ್ಕದಲ್ಲಿ ಕುಳಿತಿತು.

1990ರ ಜುಲೈ 26ರಂದು ಶ್ವೇತಭವನದ ಹುಲ್ಲುಹಾಸಿನ ಮೇಲೆ ಅಧ್ಯಕ್ಷ ಜಾರ್ಜ್ ಬುಷ್ ಅಧಿನಿಯಮಕ್ಕೆ ಸಹಿ ಹಾಕಿದರು. ಸಮಾರಂಭದಲ್ಲಿ ಪ್ರಾರ್ಥನೆ ಮಾಡಿದವರು ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನ ಸಭಾಪಾಲಕ ಹೆರಾಲ್ಡ್ ವಿಲ್ಕಿ (1914–2003). ತೋಳುಗಳಿಲ್ಲದೆ ಹುಟ್ಟಿದ ಅವರು, ಅಧ್ಯಕ್ಷರು ನೆನಪಿಗಾಗಿ ಕೊಟ್ಟ ಲೇಖನಿಯನ್ನು ಪಾದದಿಂದ ತೆಗೆದುಕೊಂಡರು. ಸಭೆಗಳು ಅಂಗವಿಕಲರನ್ನು ಹೇಗೆ ಒಳಗೊಳ್ಳಬೇಕೆಂದು ಅವರು ದಶಕಗಳಿಂದ ಬರೆಯುತ್ತ, ಬೋಧಿಸುತ್ತ ಬಂದಿದ್ದರು. ಅವರು ಆಶೀರ್ವದಿಸಿದ ಕಾನೂನು ದೇಶದ ಅಂಗಡಿಗಳಿಗೂ ಚಿತ್ರಮಂದಿರಗಳಿಗೂ ಅನ್ವಯಿಸಿತು. ಅವರು ಸೇವೆ ಮಾಡುತ್ತಿದ್ದಂಥ ದೇವಾಲಯಗಳಿಗೆ ಅನ್ವಯಿಸಲಿಲ್ಲ.

6. ವಿನಾಯಿತಿಯ ವಾದವನ್ನು ತೂಗಿ ನೋಡಿದರೆ

ವಿನಾಯಿತಿ ಕೇಳಿದವರ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ಮೊದಲನೆಯದಾಗಿ, ಸಭೆಯ ಆಂತರಿಕ ವಿಷಯಗಳಲ್ಲಿ ಪ್ರಭುತ್ವವು ತೀರ್ಪು ಕೊಡಬಾರದೆಂಬುದು ಹಿಂಸೆಯನ್ನು ಅನುಭವಿಸಿದ ಸಭೆಗಳು ರಕ್ತ ತೆತ್ತು ಕಲಿತ ಪಾಠ. ಅಲ್ಪಸಂಖ್ಯಾತರಾಗಿರುವ ನಮಗೆ ಅದರ ಬೆಲೆ ಚೆನ್ನಾಗಿ ಗೊತ್ತು. ಎರಡನೆಯದಾಗಿ, ನಲವತ್ತು ಐವತ್ತು ಜನರಿರುವ ಹಳ್ಳಿಯ ಸಭೆಗೆ ಕಟ್ಟಡದ ಖರ್ಚು ನಿಜವಾಗಿಯೂ ಭಾರವೇ.

ಎರಡನೆಯ ಆಕ್ಷೇಪಕ್ಕೆ ಆ ಅಧಿನಿಯಮದಲ್ಲಿಯೇ ಉತ್ತರವಿತ್ತು. ಹಳೆಯ ಕಟ್ಟಡಗಳಲ್ಲಿ ಹೆಚ್ಚು ಕಷ್ಟವೂ ವೆಚ್ಚವೂ ಇಲ್ಲದೆ ಮಾಡಬಹುದಾದಷ್ಟನ್ನು ಮಾತ್ರ ಮಾಡಬೇಕೆಂದು ಅದು ಖಾಸಗಿಯವರಿಗೆ ವಿಧಿಸಿತ್ತು. ಬಡ ಸಭೆಗೆ ಅಸಾಧ್ಯವಾದುದನ್ನು ಅದು ಹೇರುತ್ತಿರಲಿಲ್ಲ. ಮೊದಲನೆಯ ಆಕ್ಷೇಪಕ್ಕೆ ಉತ್ತರ ಅಷ್ಟು ಸುಲಭವಲ್ಲ. ಯಾರು ಪ್ರಸಂಗ ಮಾಡಬೇಕು, ಯಾರು ಸಂಸ್ಕಾರಗಳನ್ನು ನಡೆಸಬೇಕು ಎಂಬುದನ್ನು ನ್ಯಾಯಾಲಯ ನಿರ್ಧರಿಸುವ ಸ್ಥಿತಿ ನಮಗೂ ಬೇಡ. ಆದರೆ ಈ ಸ್ವಾತಂತ್ರ್ಯವನ್ನು ಗಳಿಸಿದ ಬಳಿಕ ಅದನ್ನು ಯಾತಕ್ಕಾಗಿ ಬಳಸಿದೆವು ಎಂಬುದೇ ಸಭೆಯನ್ನು ತೀರ್ಪುಮಾಡುವ ಪ್ರಶ್ನೆ.

ಇದಕ್ಕೆ 2012ರ ಜನವರಿ 11ರ ಒಂದು ತೀರ್ಪು ಸಾಕ್ಷಿ. ಮಿಷಿಗನ್ ರಾಜ್ಯದ ಹೊಸಾನ್ನ-ಟೇಬರ್ ಲೂಥರನ್ ಸಭೆಯ ಶಾಲೆಯಲ್ಲಿ ಕಲಿಸುತ್ತಿದ್ದ ಶಿಕ್ಷಕಿಯೊಬ್ಬರಿಗೆ 2004ರಲ್ಲಿ ಇದ್ದಕ್ಕಿದ್ದಂತೆ ನಿದ್ರೆ ಆವರಿಸುವ ಕಾಯಿಲೆ ಕಾಣಿಸಿಕೊಂಡು ಅವರು ರಜೆಯ ಮೇಲೆ ಹೋದರು. ಮರಳಿ ಬರಲು ಸಿದ್ಧರಾದಾಗ ರಾಜೀನಾಮೆ ಕೊಡುವಂತೆ ಸೂಚಿಸಲಾಯಿತು. ತಾನು ಕಾನೂನಿನ ಮೊರೆ ಹೋಗುವೆನೆಂದು ಅವರು ಹೇಳಿದ ಮೇಲೆ ಅವರನ್ನು ಸೇವೆಯಿಂದ ತೆಗೆಯಲಾಯಿತು. ಕ್ರೈಸ್ತರು ತಮ್ಮ ವ್ಯಾಜ್ಯಗಳನ್ನು ಸಭೆಯೊಳಗೇ ತೀರಿಸಿಕೊಳ್ಳಬೇಕೆಂಬ ಬೋಧನೆಯನ್ನು ಅವರು ಮೀರಿದರೆಂಬುದು ಸಭೆಯ ವಾದ. ಶಿಕ್ಷಕಿಯನ್ನು ಸಭೆಯ ಸೇವಕಿಯೆಂದು ಪರಿಗಣಿಸಿ, ಸೇವಕರ ಆಯ್ಕೆಯಲ್ಲಿ ಪ್ರಭುತ್ವ ಪ್ರವೇಶಿಸಲಾರದೆಂದು ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ತೀರ್ಪಿತ್ತಿತು.

ಸಂವಿಧಾನದ ದೃಷ್ಟಿಯಿಂದ ಈ ತೀರ್ಪು ಸರಿಯೆಂದು ಒಪ್ಪಬಹುದು. ಆದರೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ವ್ಯಾಜ್ಯಗಳನ್ನು ಸಭೆಯೊಳಗೆ ತೀರಿಸಿಕೊಳ್ಳಬೇಕೆಂದು ಪೌಲನು ಹೇಳುವಾಗ, ಸಹೋದರರ ನಡುವೆ ನ್ಯಾಯ ತೀರಿಸಬಲ್ಲ ವಿವೇಕಿಯೊಬ್ಬನು ಸಭೆಯಲ್ಲಿರಬೇಕೆಂದೇ ಅವನು ನಿರೀಕ್ಷಿಸುತ್ತಾನೆ. ಅನ್ಯಾಯ ಮಾಡುವವರು ಸಹೋದರರೇ ಆಗಿರುವುದನ್ನು ಅವನು ಖಂಡಿಸುತ್ತಾನೆ. ಲೋಕದ ನ್ಯಾಯಾಲಯವನ್ನು ಬೇಡವೆನ್ನುವ ಸಭೆಯು ತನ್ನೊಳಗೆ ಅದಕ್ಕಿಂತ ಮಿಗಿಲಾದ ನ್ಯಾಯವನ್ನು ಕೊಡಬೇಕು. ಕಾಯಿಲೆ ಬಿದ್ದ ಸೇವಕಿಗೆ ಸಾಮಾನ್ಯ ಕಚೇರಿಯು ಕೊಡಬೇಕಾದಷ್ಟನ್ನೂ ಸಭೆ ಕೊಡದೆ ಹೋದರೆ, ಆ ಸ್ವಾತಂತ್ರ್ಯದಿಂದ ಸುವಾರ್ತೆಗೆ ಯಾವ ಗೌರವವೂ ಬರುವುದಿಲ್ಲ.

7. ಗಾಯಗಳನ್ನು ತೋರಿಸಿದ ಕರ್ತನು

ಕಾನೂನು ಹೊರಗೆ ಉಳಿದ ಜಾಗದಲ್ಲಿ ದೇವಶಾಸ್ತ್ರ ಮಾತನಾಡಿತು. 1994ರಲ್ಲಿ ನ್ಯಾನ್ಸಿ ಐಸ್‌ಲ್ಯಾಂಡ್ (1964–2009) ‘ಅಂಗವಿಕಲ ದೇವರು’ ಎಂಬ ಅರ್ಥದ ಶೀರ್ಷಿಕೆಯ ಪುಸ್ತಕವನ್ನು ಪ್ರಕಟಿಸಿದರು. ಹುಟ್ಟಿನಿಂದಲೇ ಎಲುಬಿನ ತೊಂದರೆಯಿದ್ದ ಅವರು ಬಾಲ್ಯದಿಂದ ಅನೇಕ ಶಸ್ತ್ರಚಿಕಿತ್ಸೆಗಳಿಗೆ ಒಳಗಾಗಿದ್ದರು. ಮುಂದೆ ಅಟ್ಲಾಂಟದ ಎಮೊರಿ ವಿಶ್ವವಿದ್ಯಾಲಯದ ದೇವಶಾಸ್ತ್ರ ಶಾಲೆಯಲ್ಲಿ ಬೋಧಿಸಿದರು. ಪುನರುತ್ಥಾನದ ಬಳಿಕ ಯೇಸು ಶಿಷ್ಯರಿಗೆ ತನ್ನ ಕೈಕಾಲುಗಳನ್ನು ತೋರಿಸಿದ್ದನ್ನು ಲೂಕನ 24ನೆಯ ಅಧ್ಯಾಯದಲ್ಲಿ ಅವರು ಹೊಸದಾಗಿ ಓದಿದರು. ಮಹಿಮೆಯ ದೇಹದಲ್ಲಿಯೂ ಗಾಯಗಳು ಅಳಿಸಿಹೋಗಲಿಲ್ಲ. ಶಿಷ್ಯರು ಕರ್ತನನ್ನು ಗುರುತಿಸಿದ್ದೇ ಅವುಗಳಿಂದ. ಹಾಗಾದರೆ ವಿಕಲವಾದ ದೇಹವನ್ನು ಪಾಪದ ಫಲವೆಂದೋ ನಂಬಿಕೆಯ ಕೊರತೆಯೆಂದೋ ಹೇಳುವ ಬೋಧನೆಗೆ ಯಾವ ಆಧಾರವೂ ಉಳಿಯುವುದಿಲ್ಲವೆಂದು ಅವರು ವಾದಿಸಿದರು.

ಐಸ್‌ಲ್ಯಾಂಡ್ ತಮ್ಮ ಪುಸ್ತಕದಲ್ಲಿ ಅಮೆರಿಕನ್ ಲೂಥರನ್ ಸಭೆಯ ಉದಾಹರಣೆಯನ್ನು ಪರೀಕ್ಷಿಸಿದ್ದಾರೆ. 1980ರಲ್ಲಿ ಅಂಗವಿಕಲರ ಪೂರ್ಣ ಪಾಲುಗಾರಿಕೆಯನ್ನು ಎತ್ತಿಹಿಡಿದ ಆ ಸಭೆಯು, ಅದೇ ದಶಕದಲ್ಲಿ ಗಣನೀಯ ಅಂಗವೈಕಲ್ಯವುಳ್ಳವರನ್ನು ಸೇವಾದೀಕ್ಷೆಯಿಂದ ದೂರವಿಡುವ ಮಾನದಂಡಗಳನ್ನು ಮಾಡಿತು. ಪೀಠದ ಮುಂದೆ ಕುಳಿತುಕೊಳ್ಳಲು ಅವಕಾಶವಿತ್ತು, ಪೀಠದ ಹಿಂದೆ ನಿಲ್ಲಲು ಇರಲಿಲ್ಲ. ಇದು ಒಂದು ಸಭೆಯ ದೋಷವಲ್ಲ. ಯಾಜಕಕಾಂಡದ 21ನೆಯ ಅಧ್ಯಾಯದ ಅಂಗದೋಷಗಳ ಪಟ್ಟಿಯನ್ನು ಕ್ರೈಸ್ತ ಲೋಕವು ಬಹುಕಾಲ ದೀಕ್ಷೆಯ ಅಳತೆಗೋಲಾಗಿ ಇಟ್ಟುಕೊಂಡಿತ್ತು. ಕಥೋಲಿಕ ಧರ್ಮಸಭೆಯ 1917ರ ಕಾನೂನುಸಂಹಿತೆಯಲ್ಲಿ ದೈಹಿಕ ದೋಷವು ಗುರುದೀಕ್ಷೆಗೆ ಅಡ್ಡಿಯಾಗಿ ನಮೂದಾಗಿತ್ತು; 1983ರ ಸಂಹಿತೆಯಲ್ಲಿ ಅದು ಉಳಿಯಲಿಲ್ಲ. ಸಭೆಗಳ ಜಾಗತಿಕ ಒಕ್ಕೂಟವು 1975ರ ನೈರೋಬಿ ಮಹಾಸಭೆಯಲ್ಲಿ ಈ ವಿಷಯವನ್ನು ಎತ್ತಿಕೊಂಡಿತು. 1998ರ ಹರಾರೆ ಮಹಾಸಭೆಯಲ್ಲಿ ಅಂಗವಿಕಲರೇ ನಡೆಸುವ ಒಂದು ಜಾಲವು ಅದರಿಂದ ಹುಟ್ಟಿತು.

8. ಭಾರತದ ಕಾನೂನು ಕೊಟ್ಟ ಉತ್ತರ

ಅಮೆರಿಕದ ಈ ಅನುಭವಕ್ಕೂ ನಮ್ಮ ದೇಶಕ್ಕೂ ನೇರ ಸಂಬಂಧವಿದೆ. ಭಾರತದ ಅಂಗವಿಕಲರ ಹಕ್ಕುಹೋರಾಟದ ಮುಂದಾಳು ಜಾವೇದ್ ಆಬಿದಿ (1965–2018) ಅವರು ಓಹಾಯೊ ರಾಜ್ಯದ ರೈಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಗಾಲಿಕುರ್ಚಿಯಲ್ಲಿ ಯಾರ ಹಂಗೂ ಇಲ್ಲದೆ ಓಡಾಡಬಹುದಾದ ಆವರಣವನ್ನು ಅಲ್ಲಿ ಕಂಡವರು. ಅವರೂ ಅವರ ಜೊತೆಗಾರರೂ 1995ರ ಡಿಸೆಂಬರಿನಲ್ಲಿ ದೆಹಲಿಯ ಬೀದಿಗಿಳಿದ ಬೆನ್ನಿಗೇ ಸಂಸತ್ತು ನಮ್ಮ ಮೊದಲ ಅಂಗವಿಕಲರ ಅಧಿನಿಯಮವನ್ನು ಅಂಗೀಕರಿಸಿತು. ಆದರೆ ಅದು ಕಟ್ಟಡಗಳ ಹೊಣೆಯನ್ನು ಸರ್ಕಾರಗಳ ಮೇಲೆ ಮಾತ್ರ ಹೊರಿಸಿತ್ತು. ಅದನ್ನೂ ಅವುಗಳ ಆರ್ಥಿಕ ಶಕ್ತಿಯ ಮಿತಿಯೊಳಗೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಈ ಮಿತಿಯನ್ನು ದಾಟಿತು. ಅದರಲ್ಲಿ ಅಂಗವೈಕಲ್ಯದ ವರ್ಗಗಳು 7ರಿಂದ 21ಕ್ಕೆ ಏರಿದವು. ನಮ್ಮ ಚರ್ಚೆಗೆ ಮುಖ್ಯವಾದದ್ದು ‘ಸಾರ್ವಜನಿಕ ಕಟ್ಟಡ’ದ ವ್ಯಾಖ್ಯೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಸಾರ್ವಜನಿಕರು ಬಳಸುವ ಕಟ್ಟಡಗಳೆಲ್ಲ ಅದರಲ್ಲಿ ಸೇರುತ್ತವೆ. ಶಿಕ್ಷಣ, ವ್ಯಾಪಾರ, ವೈದ್ಯಕೀಯ ಮೊದಲಾದ ಉದ್ದೇಶಗಳ ಸಾಲಿನಲ್ಲಿ ಧಾರ್ಮಿಕ ಉದ್ದೇಶವನ್ನೂ ಕಾನೂನು ಹೆಸರಿಸಿದೆ. ಅಂದರೆ ಅಮೆರಿಕದ ಶಾಸನಸಭೆ ಯಾವ ಬಾಗಿಲಿನ ಮುಂದೆ ನಿಂತುಬಿಟ್ಟಿತೋ ಆ ಬಾಗಿಲನ್ನು ನಮ್ಮ ಸಂಸತ್ತು ದಾಟಿದೆ. ಮಂದಿರ, ಮಸೀದಿ, ಗುರುದ್ವಾರಗಳ ಜೊತೆಗೆ ಕ್ರೈಸ್ತ ದೇವಾಲಯವೂ ಈ ವ್ಯಾಖ್ಯೆಗೆ ಒಳಪಟ್ಟಿದೆ. ಇರುವ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ತಿದ್ದಬೇಕೆಂದು ಅಧಿನಿಯಮ ಹೇಳುತ್ತದೆ. ನಿಯಮಗಳು 2017ರ ಜೂನ್‌ನಲ್ಲಿ ಪ್ರಕಟವಾದವು. 2024ರ ನವೆಂಬರ್ 8ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು, ಸುಗಮ ಪ್ರವೇಶದ ಮಾನದಂಡಗಳನ್ನು ಕೇವಲ ಸಲಹೆಯಾಗಿ ಇಳಿಸಿದ ನಿಯಮವು ಅಧಿನಿಯಮಕ್ಕೆ ವಿರುದ್ಧವೆಂದು ತೀರ್ಪಿತ್ತು, ಕಡ್ಡಾಯವಾದ ನಿಯಮಗಳನ್ನು ರಚಿಸಲು ಕೇಂದ್ರಕ್ಕೆ ಸೂಚಿಸಿತು.

ಹಾಗೆಂದು ನಾವು ಅಮೆರಿಕದ ಸಭೆಗಳಿಗಿಂತ ಮೇಲೆಂದು ಎಣಿಸಬೇಕಾಗಿಲ್ಲ. ವಿನಾಯಿತಿಯ ರುಚಿ ನಮಗೂ ಗೊತ್ತಿದೆ. 2009ರ ಶಿಕ್ಷಣ ಹಕ್ಕಿನ ಅಧಿನಿಯಮವು ಅಲ್ಪಸಂಖ್ಯಾತರ ಶಾಲೆಗಳಿಗೆ, ಅನುದಾನಿತ ಶಾಲೆಗಳಿಗೂ ಸಹ, ಅನ್ವಯಿಸದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅನುದಾನರಹಿತ ಖಾಸಗಿ ಶಾಲೆಗಳು ಶೇಕಡಾ 25ರಷ್ಟು ಸ್ಥಾನಗಳನ್ನು ದುರ್ಬಲ ಮತ್ತು ಅವಕಾಶವಂಚಿತ ಮಕ್ಕಳಿಗೆ ಮೀಸಲಿಡಬೇಕೆಂಬ ವಿಧಿ ಆ ಅಧಿನಿಯಮದಲ್ಲಿದೆ. 2012ರ ತಿದ್ದುಪಡಿಯಿಂದ ಅಂಗವಿಕಲ ಮಕ್ಕಳೂ ಆ ವರ್ಗಕ್ಕೆ ಸೇರಿದ್ದಾರೆ. ಸಂವಿಧಾನದ 30ನೆಯ ಅನುಚ್ಛೇದವು ಕೊಟ್ಟಿರುವ ಹಕ್ಕು ಅಮೂಲ್ಯವಾದದ್ದು. ಅದನ್ನು ಬಿಟ್ಟುಕೊಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಕಾನೂನು ಕೇಳದಿದ್ದರೂ ನಮ್ಮ ಶಾಲೆಗಳ ತರಗತಿಗಳಲ್ಲಿ ಅಂಗವಿಕಲ ಮಕ್ಕಳು ಕುಳಿತಿದ್ದಾರೆಯೇ ಎಂಬ ಪ್ರಶ್ನೆ ಆ ಹಕ್ಕಿನ ಜೊತೆಗೇ ಬರುತ್ತದೆ.

9. ಸಮಾರೋಪ

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಭಾನುವಾರದ ಆರಾಧನೆಯಲ್ಲಿ ಅವರು ನಮ್ಮ ಕಣ್ಣಿಗೆ ಬೀಳದಿದ್ದರೆ ಅದಕ್ಕೆ ಕಾರಣ ಅವರು ಊರಿನಲ್ಲಿಲ್ಲ ಎಂಬುದಲ್ಲ. ದೇವಾಲಯದ ಮೆಟ್ಟಿಲು, ಗದ್ದಲದ ನಡುವೆ ಕೇಳಿಸದ ಪ್ರಸಂಗ, ಬ್ರೈಲ್‌ನಲ್ಲಿ ಇಲ್ಲದ ಸಂಗೀತಪುಸ್ತಕ, ಗಾಲಿಕುರ್ಚಿ ಹಿಡಿಸದ ಶೌಚಾಲಯ, ಸ್ವಸ್ಥತೆಯ ಕೂಟದಲ್ಲಿ ನಿನ್ನ ನಂಬಿಕೆ ಸಾಲದೆಂದು ಯಾರೋ ಹೇಳಿದ ಮಾತು: ಇವುಗಳಲ್ಲಿ ಯಾವುದೋ ಒಂದು ಅವರನ್ನು ಮನೆಯಲ್ಲಿಯೇ ಉಳಿಸಿರುತ್ತದೆ.

ಈ ಇತಿಹಾಸದಿಂದ ಮೂರು ಕರ್ತವ್ಯಗಳು ನಮಗೆ ತೋರುತ್ತವೆ. ಒಂದನೆಯದು ಕಟ್ಟಡದ್ದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ರ‍್ಯಾಂಪ್ ಬೇಕೆಂಬುದು ಸಾಮಾನ್ಯ ಲೆಕ್ಕ. ಬಲಿಪೀಠದ ಹಂತಕ್ಕೂ ಪ್ರಸಂಗಪೀಠಕ್ಕೂ ಅದೇ ಲೆಕ್ಕವನ್ನು ಹಿಡಿಯಬೇಕು; ಹಿಂದಿನ ಬೆಂಚಿನವರೆಗೆ ಮಾತ್ರ ಬರುವ ರ‍್ಯಾಂಪ್ ಅರ್ಧ ಕೆಲಸವಷ್ಟೇ. ಎರಡನೆಯದು ಸೇವೆಯದು. ನಮ್ಮ ದೇವಶಾಸ್ತ್ರ ಕಾಲೇಜುಗಳ ಪ್ರವೇಶದಲ್ಲಿಯೂ ದೀಕ್ಷೆಯ ಅಭ್ಯರ್ಥಿಗಳ ಪರೀಕ್ಷೆಯಲ್ಲಿಯೂ ಕೇಳುವ ವೈದ್ಯಕೀಯ ಪ್ರಮಾಣಪತ್ರವು ಯಾತಕ್ಕಾಗಿ ಎಂದು ನಾವು ಕೇಳಿಕೊಳ್ಳಬೇಕು. ಹೆರಾಲ್ಡ್ ವಿಲ್ಕಿಯಂಥವರು ನಮ್ಮಲ್ಲಿ ಅರ್ಜಿ ಹಾಕಿದರೆ ಯಾವ ಹಂತದಲ್ಲಿ ಹೊರಗೆ ಉಳಿಯುತ್ತಿದ್ದರು ಎಂಬುದನ್ನು ಪ್ರತಿಯೊಂದು ಸಮಿತಿಯೂ ಪ್ರಾಮಾಣಿಕವಾಗಿ ಯೋಚಿಸಬಹುದು. ಮೂರನೆಯದು ಊರಿನದು. ವೇಡ್ ಬ್ಲ್ಯಾಂಕ್ ಮಾಡಿದಂತೆ, ಸಭಾಪಾಲಕರು ಊರಿನ ಬಸ್ಸು, ಪಂಚಾಯಿತಿ ಕಚೇರಿ, ಆಸ್ಪತ್ರೆ, ಮತಗಟ್ಟೆ ಎಲ್ಲರಿಗೂ ತೆರೆದಿರಬೇಕೆಂದು ಅಂಗವಿಕಲರ ಜೊತೆಯಲ್ಲಿ ನಿಂತು ಕೇಳಬೇಕು. ಆದರೆ ತನ್ನ ಬಾಗಿಲನ್ನು ತೆರೆಯದ ಸಭೆ ಪಂಚಾಯಿತಿಯ ಬಾಗಿಲನ್ನು ಕುರಿತು ಮಾತನಾಡಿದರೆ ಯಾರೂ ಕೇಳುವುದಿಲ್ಲ.

ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ವರು ಜನಸಂದಣಿಯ ಕಾರಣ ಒಳಗೆ ಹೋಗಲಾರದೆ ಮನೆಯ ಮಾಳಿಗೆಯನ್ನೇ ಬಿಚ್ಚಿದರೆಂದು ಮಾರ್ಕನು ಬರೆದಿದ್ದಾನೆ. ಬೇರೊಬ್ಬರ ಕಟ್ಟಡವನ್ನು ಕೆಡಿಸಿದರೆಂದು ಯೇಸು ಅವರನ್ನು ಗದರಿಸಲಿಲ್ಲ. ಅವರ ನಂಬಿಕೆಯನ್ನು ಕಂಡನು. ನಮ್ಮ ದೇಶದ ಕಾನೂನು ಇಂದು ಸಭೆಯಿಂದ ಕೇಳುತ್ತಿರುವುದು ಅದಕ್ಕಿಂತ ಬಹಳ ಕಡಿಮೆ. ಕಾನೂನಿನ ನೋಟೀಸು ಬರುವ ಮುಂಚೆಯೇ ನಾವು ಅದನ್ನು ಮಾಡಿ ಮುಗಿಸುವುದು ಒಳ್ಳೆಯದು.